ಹೊಟ್ಟೆ ಸೂಕ್ಷ್ಮವಿರುವ ನಾಯಿಗೆ ರಾಯಲ್ ಕ್ಯಾನಿನ್ ಹೈಪೊಅಲರ್ಜೆನಿಕ್: ಎಂಟು ವಾರ ಕೊಟ್ಟು ನೋಡಿದ ಮೇಲೆ

ನಮ್ಮ ಮನೆಯ ಜರ್ಮನ್ ಶೆಫರ್ಡ್ ಭೈರನಿಗೆ ಈಗ ನಾಲ್ಕು ವರ್ಷ. ಅದರಲ್ಲಿ ಒಂದೂವರೆ ವರ್ಷ ಅವನ ಹೊಟ್ಟೆಯದೇ ಚಿಂತೆಯಾಗಿತ್ತು. ಹದಿನೈದು ದಿನ ಚೆನ್ನಾಗಿರುತ್ತಿದ್ದವನು ಒಂದು ಬೆಳಗ್ಗೆ ಊಟ ಮೂಸಿ ನೋಡಿ ಹಿಂದೆ ಸರಿಯುತ್ತಿದ್ದ. ಅಂಗಳಕ್ಕೆ ಹೋಗಿ ಹುಲ್ಲು ತಿನ್ನುತ್ತಿದ್ದ. ರಾತ್ರಿಯಾದರೆ ಹೊಟ್ಟೆ ಗುಳುಗುಳು ಎನ್ನುವುದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಮರುದಿನ ಲೋಳೆ ಬೆರೆತ ಭೇದಿ. ಜಂತುಹುಳುವಿನ ಮಾತ್ರೆ, ಮೆಟ್ರೊನಿಡಜೋಲ್, ಮತ್ತೆ ಅದೇ ಮೆಟ್ರೊನಿಡಜೋಲ್ ಎಂದು ತಿಂಗಳುಗಳು ಉರುಳಿದವು. ಈ ಔಷಧಿ ಭೇದಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೂ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದರಿಂದ ಅದನ್ನು ಪದೇ ಪದೇ ಕೊಡಬಾರದೆಂಬುದು ನಮಗೆ ಗೊತ್ತಾದದ್ದು ತಡವಾಗಿ. 30 ಕಿಲೊ ಇದ್ದವನು 26ಕ್ಕೆ ಇಳಿದಾಗ ಬೇರೊಬ್ಬ ಪಶುವೈದ್ಯರ ಬಳಿಗೆ ಹೋದೆವು. ಅವರು ಮಲ ಮತ್ತು ರಕ್ತದ ಪರೀಕ್ಷೆಗಳನ್ನು ಮಾಡಿಸಿ, ಜಂತುಹುಳು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ, ಮೇದೋಜ್ಜೀರಕ ಗ್ರಂಥಿಯ ತೊಂದರೆ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು, ಔಷಧಿಯ ಚೀಟಿಯ ಬದಲು ಈ ಒಣ ಆಹಾರದ ಹೆಸರನ್ನು ಬರೆದುಕೊಟ್ಟರು.

ಇದರ ಮುಖ್ಯ ಪದಾರ್ಥಗಳು ಅಕ್ಕಿ ಮತ್ತು ಹೈಡ್ರೊಲೈಸ್ ಮಾಡಿದ ಸೋಯಾ ಪ್ರೋಟೀನು. ಪ್ರೋಟೀನನ್ನು ತೀರ ಚಿಕ್ಕ ತುಂಡುಗಳಾಗಿ ಮೊದಲೇ ಒಡೆದಿರುವುದರಿಂದ, ಇಡೀ ಪ್ರೋಟೀನನ್ನು ಕಂಡರೆ ಶತ್ರುವೆಂದು ಎರಗುವ ದೇಹದ ರಕ್ಷಣಾ ವ್ಯವಸ್ಥೆಗೆ ಈ ತುಂಡುಗಳ ಗುರುತು ಸಾಮಾನ್ಯವಾಗಿ ಸಿಗುವುದಿಲ್ಲ. ಸೋಯಾ ಎಂದ ಮಾತ್ರಕ್ಕೆ ಇದು ಸಸ್ಯಾಹಾರವೆಂದು ತಿಳಿಯಬಾರದು. ಪ್ರಾಣಿಜನ್ಯ ಕೊಬ್ಬೂ ಇದರಲ್ಲಿದೆ. ಅಡುಗೆಮನೆಯ ಕಪಾಟಿನಲ್ಲಿ ಮಾಂಸದ ಪದಾರ್ಥ ಇಡದಿರುವ ಮನೆಗಳವರು ಚೀಲದ ಹಿಂಬದಿಯ ಪಟ್ಟಿಯನ್ನು ಓದಿಕೊಂಡೇ ತರುವುದು ಒಳ್ಳೆಯದು.

ಚೀಲ ಒಡೆಯುವ ಮೊದಲು ಪಶುವೈದ್ಯರು ಹೇಳಿದ ಮಾತನ್ನೇ ಈ ವಿಮರ್ಶೆಯ ತಿರುಳೆಂದು ನಾನು ಭಾವಿಸುತ್ತೇನೆ. ಇದನ್ನು ಊಟವೆಂದು ನೋಡಬೇಡಿ, ಪರೀಕ್ಷೆಯೆಂದು ನೋಡಿ ಎಂದಿದ್ದರು ಅವರು. ಎಂಟು ವಾರ ಈ ಆಹಾರ ಮತ್ತು ನೀರು ಬಿಟ್ಟರೆ ಬೇರೇನೂ ನಾಯಿಯ ಬಾಯಿಗೆ ಹೋಗಬಾರದು. ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಕೊಟ್ಟು, ಯಾವುದಕ್ಕೆ ಹೊಟ್ಟೆ ಕೆಡುತ್ತದೆಂದು ನೋಡಬೇಕು. ಆಹಾರದಿಂದಲೇ ಬಂದ ತೊಂದರೆಯಾಗಿದ್ದರೆ ಹೊಟ್ಟೆಯ ಮಟ್ಟಿಗೆ ಎರಡು ವಾರಗಳಲ್ಲೇ ಗುಣ ಕಾಣಬೇಕು. ಚರ್ಮದ ತುರಿಕೆಗೆ ಎಂಟು ವಾರ ಬೇಕಾಗುತ್ತದೆ. ಭೈರನಿಗೆ ಕಿವಿಯ ತುರಿಕೆಯೂ ಇದ್ದುದರಿಂದ ನಮಗೆ ಪೂರ್ತಿ ಎಂಟು ವಾರ ಹೇಳಿದ್ದರು.

ಹಳೆಯ ಆಹಾರದಿಂದ ಹೊಸದಕ್ಕೆ ಒಮ್ಮೆಲೇ ಹಾರಲಿಲ್ಲ. ಮೊದಲೆರಡು ದಿನ ಕಾಲು ಭಾಗ, ಮುಂದಿನೆರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳನೆಯ ದಿನಕ್ಕೆ ಪೂರ್ತಿ ಹೊಸ ಆಹಾರವಾಯಿತು. ದಿನಕ್ಕೆ 360 ಗ್ರಾಂ, ಮೂರು ಹೊತ್ತು ಹಂಚಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಿದ್ದೆವು. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲೇ ದಿನದ ಮಲಕ್ಕೆ 1ರಿಂದ 7ರವರೆಗೆ ಅಂಕ ಬರೆದಿಟ್ಟೆವು: 1 ಎಂದರೆ ಕಲ್ಲಿನಂತೆ ಗಟ್ಟಿ, 7 ಎಂದರೆ ಬರೀ ನೀರು. ಮನೆಗೆ ಬಂದವರು ಇದೇನು ಲೆಕ್ಕವೆಂದು ಕೇಳಿದರೆ ಅಮ್ಮ ಹಾಲಿನ ಲೆಕ್ಕವೆಂದು ಹೇಳಿಬಿಡುತ್ತಿದ್ದರು. ಮೊದಲ ವಾರ 5, 6 ಎಂದೇ ಇದ್ದ ಅಂಕ ಹನ್ನೊಂದನೆಯ ದಿನ 3ಕ್ಕೆ ಬಂದು, ಮೂರನೆಯ ವಾರದಿಂದ 2ರಲ್ಲಿ ನಿಂತಿತು. ರಾತ್ರಿಯ ಗುಳುಗುಳು ಅದಕ್ಕೂ ಮೊದಲೇ ನಿಂತಿತ್ತು. ಎಂಟು ವಾರ ಮುಗಿಯುವಾಗ ಅವನ ತೂಕ 29 ಕಿಲೊ ಆಗಿತ್ತು.

ಕಷ್ಟವಾದದ್ದು ನಾಯಿಗಲ್ಲ, ಮನೆಯವರಿಗೆ. ಅಜ್ಜಿ ದೋಸೆಯ ಅಂಚನ್ನು ಮುರಿದು ಭೈರನಿಗೆ ಹಾಕದೆ ತಾವು ತಿಂಡಿ ತಿಂದವರೇ ಅಲ್ಲ. "ಒಂದು ತುತ್ತಿಗೆ ಏನಾಗುತ್ತೆ ಮಗಾ, ಪಾಪ, ಹೇಗೆ ನೋಡ್ತಾನೆ ನೋಡು" ಎನ್ನುವವರಿಗೆ, ಆ ಒಂದು ತುತ್ತಿನಿಂದ ಅದುವರೆಗಿನ ಪರೀಕ್ಷೆಯೇ ಕೆಡಬಹುದೆಂದು ಒಪ್ಪಿಸಲು ಒಂದು ವಾರ ಬೇಕಾಯಿತು. ಕೊನೆಗೆ ಈ ಆಹಾರದ ಹತ್ತು ಕಾಳುಗಳನ್ನೇ ಒಂದು ಬಟ್ಟಲಲ್ಲಿ ಹಾಕಿ ಅವರ ಪಕ್ಕದಲ್ಲಿಟ್ಟೆವು. ಅವರು ಅದನ್ನೇ ದೋಸೆಯೆಂಬಂತೆ ಒಂದೊಂದಾಗಿ ಕೊಟ್ಟರು. ಮಾಂಸದ ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆಯೂ ಈ ಅವಧಿಯಲ್ಲಿ ನಿಷಿದ್ಧ. ರುಚಿಯಿಲ್ಲದ ಮಾತ್ರೆಯನ್ನು ಕೇಳಿ ಪಡೆದು, ಇದೇ ಆಹಾರವನ್ನು ನೀರಿನಲ್ಲಿ ನೆನೆಸಿ ಉಂಡೆ ಕಟ್ಟಿ, ಅದರೊಳಗೆ ಅಡಗಿಸಿ ನುಂಗಿಸಿದೆವು.

ಐದನೆಯ ವಾರದಲ್ಲಿ ಮಾತ್ರ ಅಂಕ ಮತ್ತೆ 5ಕ್ಕೆ ಏರಿತು. ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನಿಸಿದ ಮೇಲೆ ಕಾರಣ ತಿಳಿಯಿತು. ಆ ವಾರ ಚೀಲ ಮುಗಿದು, ಹೊಸದು ಬರುವುದು ತಡವಾಗಿ, ಬಡಾವಣೆಯ ಒಂದು ಅಂಗಡಿಯಿಂದ ಒಂದು ಕಿಲೊ ಬಿಡಿಯಾಗಿ ತೂಗಿಸಿ ತಂದಿದ್ದೆ. ಅಂಗಡಿಯಾತ ಕೋಳಿಯ ಆಹಾರದ ಡಬ್ಬಿಗೆ ಹಾಕಿದ್ದ ಸೌಟನ್ನೇ ಇದಕ್ಕೂ ಹಾಕುವುದನ್ನು ನಾನು ಕಣ್ಣಾರೆ ಕಂಡೂ ಸುಮ್ಮನಿದ್ದೆ. ಬಿಡಿ ಆಹಾರದಲ್ಲಿ ಬ್ಯಾಚಿನ ಸಂಖ್ಯೆಯಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಗೊತ್ತಾಗುವುದಿಲ್ಲ, ಗಾಳಿಗೆ ತೆರೆದಿಟ್ಟರೆ ಅದರ ಕೊಬ್ಬು ಕಮಟುತ್ತದೆ. ಇಂತಹ ಆಹಾರವನ್ನು ಮುಚ್ಚಿದ ಚೀಲದಲ್ಲಲ್ಲದೆ ಕೊಳ್ಳಲೇಬಾರದು.

ಎಂಟು ವಾರಗಳ ಬಳಿಕ ಒಂದೊಂದೇ ಪದಾರ್ಥವನ್ನು ಮರಳಿ ಕೊಟ್ಟಾಗ ಸಿಕ್ಕ ಉತ್ತರವನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ನಮ್ಮ ಅನುಮಾನವೆಲ್ಲ ಮೊಸರಿನ ಮೇಲಿತ್ತು. ಎರಡು ಚಮಚ ಮೊಸರನ್ನು ಒಂದು ವಾರ ಕೊಟ್ಟರೂ ಏನೂ ಆಗಲಿಲ್ಲ. ಬೇಯಿಸಿದ ಮೊಟ್ಟೆಯೂ ಒಗ್ಗಿತು. ಬೇಯಿಸಿದ ಕೋಳಿ ಕೊಟ್ಟ ಮೂರನೆಯ ದಿನಕ್ಕೆ ಲೋಳೆ, ಭೇದಿ, ಕಿವಿಯ ತುರಿಕೆ ಎಲ್ಲವೂ ಮರಳಿದವು. ಹೊಟ್ಟೆ ಕೆಟ್ಟಾಗಲೆಲ್ಲ ಎಲ್ಲರೂ ಸೂಚಿಸುವ ಪಥ್ಯವೆಂದರೆ ಅನ್ನ ಮತ್ತು ಬೇಯಿಸಿದ ಕೋಳಿ. ಒಂದೂವರೆ ವರ್ಷ ನಾವು ಭೈರನ ಕಾಯಿಲೆಗೆ ಅದರ ಕಾರಣವನ್ನೇ ಮದ್ದೆಂದು ಬಡಿಸಿದ್ದೆವು! 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಆಹಾರದಿಂದ ಚರ್ಮದ ತೊಂದರೆಗೊಳಗಾದ 297 ನಾಯಿಗಳ ಪೈಕಿ ಶೇ. 34ಕ್ಕೆ ದನದ ಮಾಂಸ, ಶೇ. 17ಕ್ಕೆ ಹಾಲಿನ ಪದಾರ್ಥಗಳು, ಶೇ. 15ಕ್ಕೆ ಕೋಳಿ, ಶೇ. 13ಕ್ಕೆ ಗೋಧಿ ಕಾರಣವಾಗಿದ್ದವು. ಅಕ್ಕಿ ಈ ಮುಂಚೂಣಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು, ಏಕೆಂದರೆ ಆ ಒಂದೂವರೆ ವರ್ಷದ ಮಧ್ಯದಲ್ಲಿ ಯಾರದೋ ಮಾತು ಕೇಳಿ ನಾವು ಧಾನ್ಯರಹಿತ ಆಹಾರವನ್ನೂ ತಂದು ಹಾಕಿದ್ದೆವು. ಅದರಲ್ಲಿ ಧಾನ್ಯವಿರಲಿಲ್ಲ, ಕೋಳಿ ಧಾರಾಳವಾಗಿತ್ತು.

ಹಣದ ಮಾತನ್ನೂ ಹೇಳಬೇಕು. ಈ ಬಗೆಯ ಆಹಾರ, ಯಾವ ಕಂಪನಿಯದೇ ಆಗಲಿ, ಸಾಮಾನ್ಯ ಒಣ ಆಹಾರಕ್ಕಿಂತ ಬಹಳ ದುಬಾರಿ. ಭೈರನ ಗಾತ್ರದ ನಾಯಿಗೆ 2 ಕಿಲೊ ಚೀಲ ಆರು ದಿನಕ್ಕೂ ಬರುವುದಿಲ್ಲ, ಎಂಟು ವಾರಕ್ಕೆ ಹತ್ತು ಚೀಲ ಬೇಕು. ಪಗ್ಗಿನಂತಹ ಚಿಕ್ಕ ನಾಯಿಯಾದರೆ ಖರ್ಚು ಸಹಿಸಬಹುದು. ಆದರೆ ಮಾತ್ರೆ, ಡ್ರಿಪ್ಪು, ಆಸ್ಪತ್ರೆಯ ಓಡಾಟವೆಂದು ಅದುವರೆಗೆ ಸುರಿದ ಹಣವನ್ನು ಲೆಕ್ಕ ಹಾಕಿದಾಗ ನನಗೆ ಇದು ನಷ್ಟವೆನಿಸಲಿಲ್ಲ. ಜೀವನಪರ್ಯಂತ ಇದನ್ನೇ ಕೊಡಬೇಕಾಗಿಯೂ ಬರಲಿಲ್ಲ. ಈಗ ಅವನು ವೈದ್ಯರು ಒಪ್ಪಿದ, ಮೀನು ಮತ್ತು ಅಕ್ಕಿಯ ಸಾಮಾನ್ಯ ಒಣ ಆಹಾರವನ್ನು ತಿನ್ನುತ್ತಿದ್ದಾನೆ. ಅದನ್ನು ಹುಡುಕುವಾಗ ಮುಂಭಾಗದಲ್ಲಿ ಕುರಿ ಅಥವಾ ಮೀನು ಎಂದು ದೊಡ್ಡದಾಗಿ ಬರೆದು, ಹಿಂದಿನ ಪಟ್ಟಿಯಲ್ಲಿ ಕೋಳಿಯ ಪುಡಿಯನ್ನೋ ಕೋಳಿಯ ಕೊಬ್ಬನ್ನೋ ಸೇರಿಸಿದ ಚೀಲಗಳು ಹಲವು ಕಂಡವು.

ಭೇದಿ ಶುರುವಾದ ಕೂಡಲೇ ತಾವಾಗಿಯೇ ಇದನ್ನು ತಂದು ಹಾಕುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಜ್ವರ ಇದ್ದರೆ, ಅದರಲ್ಲೂ ಮರಿಯಾಗಿದ್ದರೆ, ಅದು ಪಾರ್ವೊ ಎಂಬ ಮಾರಕ ವೈರಸ್ ರೋಗವಾಗಿರಬಹುದು. ಆಗ ಹೋಗಬೇಕಾದದ್ದು ಆಸ್ಪತ್ರೆಗೆ. ಬೇರೆ ಕಾರಣಗಳೆಲ್ಲ ಇಲ್ಲವೆಂದು ತಿಳಿದ ಮೇಲೂ ಬಿಡದ ಭೇದಿಗೆ, ಎಂಟು ವಾರ ಕೈ ಬಿಗಿ ಹಿಡಿಯಬಲ್ಲ ಮನೆಗೆ, ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ.

ನಮ್ಮಲ್ಲಿ ಗೋಧಿಯ ಪರೀಕ್ಷೆ ಇನ್ನೂ ಬಾಕಿಯಿದೆ. ದಸರೆಗೆ ಬಂದ ನೆಂಟರೆಲ್ಲ ಮೈಸೂರಿನಿಂದ ಹೊರಟ ಮೇಲೆ ಅರ್ಧ ಚಪಾತಿಯಿಂದ ಆರಂಭಿಸುವುದೆಂದು ತೀರ್ಮಾನವಾಗಿದೆ. ಏನಾದರೂ ಕೆಟ್ಟರೆ ಇರಲಿ ಎಂದು ಈ ಆಹಾರದ ಒಂದು ಚೀಲವನ್ನು ಒಡೆಯದೆ ಎತ್ತಿಟ್ಟಿದ್ದೇನೆ.