ವಿದ್ಯಾರ್ಥಿ ಸಂಶೋಧಕರ ಪ್ರಯೋಗಾಲಯದಲ್ಲಿ ಫಿಲ್ಮ್ ಪ್ಲೇಟ್: ಒಂದು ವಿಮರ್ಶೆ

ಆಹಾರ ಸುರಕ್ಷತೆ ಮತ್ತು ಸೂಕ್ಷ್ಮಜೀವಿಶಾಸ್ತ್ರದ ವಿಶ್ವವಿದ್ಯಾಲಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ವಿದ್ಯಾರ್ಥಿ ಸಂಶೋಧಕರ ದಿನದ ದೊಡ್ಡ ಪಾಲು ಬ್ಯಾಕ್ಟೀರಿಯಾಗಳನ್ನು ನೋಡುವುದರಲ್ಲಿ ಅಲ್ಲ, ಅವು ಬೆಳೆಯಲು ಬೇಕಾದ ಮಾಧ್ಯಮವನ್ನು ಸಿದ್ಧಪಡಿಸುವುದರಲ್ಲಿ ಕಳೆಯುತ್ತದೆ. ಪುಡಿಯನ್ನು ತೂಗಿ, ಕುದಿಸಿ, ಒತ್ತಡದ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟು, ಸುಮಾರು 45 ಡಿಗ್ರಿಗೆ ತಣಿಸಿ, ಗಟ್ಟಿಯಾಗುವ ಮೊದಲೇ ತಟ್ಟೆಗಳಿಗೆ ಸುರಿಯಬೇಕು. ಆಹಾರದ ಬಾಳಿಕೆ ಅವಧಿಯ ಅಧ್ಯಯನವೊಂದರಲ್ಲಿ ಆರು ಮಾದರಿ, ಪ್ರತಿಯೊಂದಕ್ಕೂ ಮೂರು ಡೈಲ್ಯೂಷನ್ (ತೆಳುಮಾಡಿದ ದ್ರವ), ಪ್ರತಿ ಡೈಲ್ಯೂಷನ್‌ಗೆ ಎರಡು ತಟ್ಟೆ ಎಂದು ಲೆಕ್ಕ ಹಾಕಿದರೆ ಒಂದೇ ದಿನಕ್ಕೆ 36 ತಟ್ಟೆಗಳಾಗುತ್ತವೆ. ತಟ್ಟೆಯೊಂದಕ್ಕೆ ಅಗರ್ ಎಂಬ ಗಟ್ಟಿಯಾಗುವ ಮಾಧ್ಯಮ 15ರಿಂದ 20 ಮಿಲಿಲೀಟರ್ ಎಂದರೂ ಅರ್ಧ ಲೀಟರ್‌ಗಿಂತ ಹೆಚ್ಚು ಮಾಧ್ಯಮ ಬೇಕು, ಮತ್ತು ಅಧ್ಯಯನ ಮುಗಿಯುವವರೆಗೆ ಇದೇ ಕೆಲಸ ಮತ್ತೆ ಮತ್ತೆ ನಡೆಯಬೇಕು. ಈ ಶ್ರಮವನ್ನು ಇಳಿಸುವುದಾಗಿ ಹೇಳಿಕೊಂಡು ಬಂದ ಉತ್ಪನ್ನವೇ ಒಣ ಫಿಲ್ಮ್ ಪ್ಲೇಟ್.

ಇವುಗಳಲ್ಲಿ ಹೆಚ್ಚು ಪರಿಚಿತವಾದ ಹೆಸರು 1980ರ ದಶಕದಿಂದ ಬಳಕೆಯಲ್ಲಿರುವ ಪೆಟ್ರಿಫಿಲ್ಮ್. ಇತರ ತಯಾರಕರ ಇದೇ ಬಗೆಯ ಹಾಳೆಗಳೂ ಮಾರುಕಟ್ಟೆಯಲ್ಲಿವೆ. ಕೆಳಗಿನ ಹಾಳೆಯ ಮೇಲೆ ಪೋಷಕಾಂಶಗಳು ಮತ್ತು ತಣ್ಣೀರಿನಲ್ಲೇ ಕರಗಿ ಜೆಲ್ ಆಗುವ ಪದಾರ್ಥ ಒಣಗಿದ ಸ್ಥಿತಿಯಲ್ಲಿ ಲೇಪನಗೊಂಡಿರುತ್ತವೆ, ಅದರ ಮೇಲೆ ತೆಳುವಾದ ಪಾರದರ್ಶಕ ಹಾಳೆಯೊಂದು ಮುಚ್ಚಿರುತ್ತದೆ. ಮೇಲ್ಹಾಳೆಯನ್ನು ಎತ್ತಿ, ಪಿಪೆಟ್ಟನ್ನು ನೇರವಾಗಿ ಹಿಡಿದು ನಡುವೆ 1 ಮಿಲಿಲೀಟರ್ ದ್ರವವನ್ನು ಬಿಟ್ಟು, ಗಾಳಿ ಸಿಕ್ಕಿಕೊಳ್ಳದಂತೆ ಹಾಳೆಯನ್ನು ನಿಧಾನವಾಗಿ ಇಳಿಸಿ, ಸ್ಪ್ರೆಡರ್‌ನಿಂದ ಒತ್ತಿ, ಜೆಲ್ ಗಟ್ಟಿಯಾಗಲು ಒಂದು ನಿಮಿಷ ಬಿಟ್ಟರೆ ತಟ್ಟೆ ಸಿದ್ಧ. ಅಗರ್ ತಟ್ಟೆಗಳನ್ನು ಬೋರಲು ಹಾಕಿ ಇಡುವ ಅಭ್ಯಾಸವಿದ್ದವರು ಇವನ್ನು ಪಾರದರ್ಶಕ ಮುಖ ಮೇಲಿರುವಂತೆ, ಒಂದರ ಮೇಲೊಂದರಂತೆ ಇಪ್ಪತ್ತಕ್ಕೆ ಮೀರದ ಹಾಗೆ ಪೇರಿಸಬೇಕೆಂಬುದನ್ನು ನೆನಪಿಡಬೇಕು. ಇನ್‌ಕ್ಯುಬೇಟರ್‌ನಲ್ಲಿ ಉಳಿಯುವ ಜಾಗವೇ ಅನೇಕ ಸಂಶೋಧನಾ ತಂಡಗಳಿಗೆ ಮೊದಲು ಕಾಣುವ ಲಾಭ.

ಎಣಿಕೆಯ ವಿಷಯದಲ್ಲಿ ಈ ಉತ್ಪನ್ನ ನಿಜಕ್ಕೂ ಚೆನ್ನಾಗಿದೆ. ಒಟ್ಟು ಏರೋಬಿಕ್ (ಆಮ್ಲಜನಕವಿರುವಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ) ಎಣಿಕೆಯ ಹಾಳೆಯಲ್ಲಿರುವ ಟೆಟ್ರಾಜೋಲಿಯಂ ಬಣ್ಣ ಕಾಲನಿಗಳನ್ನು, ಅಂದರೆ ಬ್ಯಾಕ್ಟೀರಿಯಾಗಳು ಬೆಳೆದು ಕಾಣುವ ಗುಂಪುಗಳನ್ನು, ಕೆಂಪು ಚುಕ್ಕೆಗಳಾಗಿಸುವುದರಿಂದ ಆಹಾರದ ಸಣ್ಣ ಕಣವನ್ನೂ ಕಾಲನಿಯನ್ನೂ ಬೇರ್ಪಡಿಸಲು ಹೊಸಬರಿಗೂ ಸುಲಭ. 25ರಿಂದ 250ರವರೆಗಿನ ಕಾಲನಿಗಳನ್ನು ನೇರವಾಗಿ ಎಣಿಸಬಹುದು. ಅದಕ್ಕೂ ಹೆಚ್ಚಿದ್ದರೆ, ಬೆಳವಣಿಗೆಯ ಪ್ರದೇಶ ಸುಮಾರು 20 ಚದರ ಸೆಂಟಿಮೀಟರ್ ಇರುವುದರಿಂದ, ಹಾಳೆಯಲ್ಲಿ ಗೆರೆ ಹಾಕಿರುವ ಒಂದು ಚದರ ಸೆಂಟಿಮೀಟರ್ ಚೌಕಗಳಲ್ಲಿ ಕೆಲವುದರ ಸರಾಸರಿಯನ್ನು 20ರಿಂದ ಗುಣಿಸಿ ಅಂದಾಜು ಪಡೆಯಬಹುದು. ಪರೀಕ್ಷಾ ವಿಧಾನಗಳನ್ನು ಪ್ರಮಾಣೀಕರಿಸುವ ಎಒಎಸಿ ಸಂಸ್ಥೆಯ 990.12 ಮತ್ತು 991.14 ವಿಧಾನಗಳು ಇಂತಹ ಒಣ ಹಾಳೆಗಳನ್ನೇ ಆಧರಿಸಿರುವುದರಿಂದ, ಪ್ರಬಂಧದಲ್ಲಿ ವಿಧಾನವನ್ನು ಸಮರ್ಥಿಸಿಕೊಳ್ಳುವುದೂ ಕಷ್ಟವಲ್ಲ. ಆದರೆ 990.12 ಕೇಳುವುದು 35 ಡಿಗ್ರಿಯಲ್ಲಿ 48 ಗಂಟೆ, ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4833 ಕೇಳುವುದು 30 ಡಿಗ್ರಿಯಲ್ಲಿ 72 ಗಂಟೆ. ಈ ಎರಡರ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ವಿವರಣೆಯಿಲ್ಲದೆ ಅಕ್ಕಪಕ್ಕ ಇಡುವುದು ಸರಿಯಲ್ಲ.

ನನ್ನ ಆಕ್ಷೇಪಗಳು ಶುರುವಾಗುವುದು ಫಲಿತಾಂಶವನ್ನು ಓದುವ ಹಂತದಲ್ಲಿ. ಇ. ಕೋಲೈ ಮತ್ತು ಅದು ಸೇರಿರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಗುಂಪಿನ ಹಾಳೆಯಲ್ಲಿ ಅನಿಲದ ಗುಳ್ಳೆಯಿರುವ ಕೆಂಪು ಕಾಲನಿ ಕೋಲಿಫಾರ್ಮ್, ಅನಿಲದ ಗುಳ್ಳೆಯಿರುವ ನೀಲಿ ಕಾಲನಿ ಇ. ಕೋಲೈ. ಈ ನೀಲಿ ಬಣ್ಣ ಬರುವುದು ಗ್ಲುಕುರೊನಿಡೇಸ್ ಎಂಬ ಕಿಣ್ವದಿಂದ. ಜನರ ಪ್ರಾಣಕ್ಕೇ ಅಪಾಯ ತರಬಲ್ಲ ಇ. ಕೋಲೈ ಒ157:ಎಚ್7 ತಳಿಗಳಲ್ಲಿ ಈ ಕಿಣ್ವದ ಚಟುವಟಿಕೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನೀಲಿ ಕಾಲನಿ ಕಾಣದ ಮಾತ್ರಕ್ಕೆ ಮಾದರಿ ಸುರಕ್ಷಿತವೆಂದು ಬರೆಯುವ ವಿದ್ಯಾರ್ಥಿ ಗಂಭೀರವಾದ ತಪ್ಪು ತೀರ್ಮಾನಕ್ಕೆ ಬರುತ್ತಾನೆ. ಹಾಳೆಯನ್ನು ಇಳಿಸುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ಅನಿಲವೆಂದು ಎಣಿಸುವ ತಪ್ಪೂ ಆಗುವುದು ಇದೇ ಹಂತದಲ್ಲಿ. ಗುಳ್ಳೆ ಕಾಲನಿಗೆ ಅಂಟಿಕೊಂಡಂತೆ ಇದೆಯೇ ಎಂದು ನೋಡುವ ಅಭ್ಯಾಸ ಬೇಕು. ಯೀಸ್ಟ್ ಮತ್ತು ಬೂಷ್ಟುಗಳ ಹಾಳೆಯದು ಬೇರೆ ತೊಡಕು. ಅದರ ಸೂಚಕ ಫಾಸ್ಫಟೇಸ್ ಕಿಣ್ವಕ್ಕೆ ಸ್ಪಂದಿಸುವುದರಿಂದ, ಬೇಯಿಸದ ಆಹಾರದಲ್ಲಿ ಸಹಜವಾಗಿರುವ ಅದೇ ಕಿಣ್ವ ಇಡೀ ಹಿನ್ನೆಲೆಯನ್ನು ನೀಲಿಯಾಗಿಸಬಲ್ಲದು.

ಮಾದರಿಯ ತಯಾರಿಯಲ್ಲೂ ಹಾಳೆ ಅಷ್ಟು ಉದಾರಿಯಲ್ಲ. ಆಮ್ಲೀಯ ಅಥವಾ ಹುದುಗಿಸಿದ ಆಹಾರದ ಪಿಎಚ್ ಅನ್ನು ತಟಸ್ಥ ಮಟ್ಟಕ್ಕೆ ತರದಿದ್ದರೆ ಕಾಲನಿಗಳು ಕುಂಠಿತವಾಗುತ್ತವೆ. ಸಿಟ್ರೇಟ್, ಬೈಸಲ್ಫೈಟ್ ಅಥವಾ ಥಯೊಸಲ್ಫೇಟ್ ಇರುವ ಬಫರ್ ಬಳಸಿದರೆ ಬೆಳವಣಿಗೆಯೇ ತಡೆಯಲ್ಪಡಬಹುದು. ಕೆಲವು ಬ್ಯಾಕ್ಟೀರಿಯಾಗಳು ಜೆಲ್ಲನ್ನೇ ಕರಗಿಸಿ ಕಾಲನಿಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತವೆ. ಇವೆಲ್ಲ ಸೂಚನಾ ಪತ್ರದಲ್ಲಿ ಬರೆದಿರುವ ಮಾತುಗಳೇ, ಆದರೆ ತಯಾರಿ ಸುಲಭವಾದಷ್ಟೂ ಸೂಚನಾ ಪತ್ರವನ್ನು ಓದುವವರು ಕಡಿಮೆಯಾಗುತ್ತಾರೆ ಎಂಬುದು ನನ್ನ ನಿಜವಾದ ಕಳವಳ.

ಮೊದಲ ವರ್ಷದ ಸಂಶೋಧಕರ ಕೈಗೆ ಈ ಹಾಳೆಗಳನ್ನು ಕೊಡಲು ನಾನು ಒಪ್ಪದಿರುವ ಕಾರಣ ಇನ್ನೊಂದಿದೆ. ಕೋಕ್‌ರ ಪ್ರಯೋಗಾಲಯದಲ್ಲಿ ಫ್ಯಾನಿ ಹೆಸ್ಸೆಯವರ ಸಲಹೆಯಿಂದ 1880ರ ದಶಕದ ಆರಂಭದಲ್ಲಿ ಅಗರ್ ಬಳಕೆಗೆ ಬಂತು, 1887ರಲ್ಲಿ ಪೆಟ್ರಿಯವರು ತಮ್ಮ ತಟ್ಟೆಯನ್ನು ವಿವರಿಸಿದರು. ಅಂದಿನಿಂದ ಕಾಲನಿಯ ಅಂಚು, ಉಬ್ಬು, ಹೊಳಪು, ಬಣ್ಣ, ವಾಸನೆಗಳನ್ನು ಗಮನಿಸುತ್ತಲೇ ಈ ಶಾಸ್ತ್ರವನ್ನು ಕಲಿತಿದ್ದೇವೆ. ಎರಡು ಹಾಳೆಗಳ ನಡುವೆ ಒತ್ತಿಹೋದ ಕೆಂಪು ಚುಕ್ಕೆ ಸಂಖ್ಯೆಯನ್ನು ಕೊಡುತ್ತದೆ, ಜೀವಿಯ ಸ್ವಭಾವವನ್ನು ಅಷ್ಟಾಗಿ ತೋರಿಸುವುದಿಲ್ಲ. ಮೇಲ್ಹಾಳೆಯನ್ನು ಎತ್ತಿ ಕಾಲನಿಯೊಂದನ್ನು ತೆಗೆದು ಅಗರ್ ಮೇಲೆ ಗೀಚಬಹುದು ನಿಜ. ಆದರೆ ಹಾಗೆ ಮಾಡಬೇಕೆಂದು ತೋಚಲು, ಆ ಚುಕ್ಕೆ ಅನುಮಾನಾಸ್ಪದವಾಗಿದೆ ಎಂದು ಗುರುತಿಸುವ ಕಣ್ಣು ಮೊದಲೇ ಪಳಗಿರಬೇಕು. ಅಗರ್ ಸುರಿಯುವ ಬೇಸರದ ಕೆಲಸವೇ ತಾಪಮಾನ, ಶುದ್ಧತೆ, ಹೊರಗಿನ ಸೂಕ್ಷ್ಮಜೀವಿಗಳ ಬೆರಕೆಗಳ ಅರಿವನ್ನು ಕೈಗೆ ಕಲಿಸುತ್ತದೆ.

ರೋಗಕಾರಕಗಳ ಪತ್ತೆಗೆ ಎಣಿಕೆಯ ಹಾಳೆಗಳನ್ನು ಅವಲಂಬಿಸಲೇಬಾರದು. 25 ಗ್ರಾಂ ಆಹಾರದಲ್ಲಿ ಸಾಲ್ಮೊನೆಲ್ಲಾ ಇಲ್ಲವೆಂದು ಹೇಳಲು ಮಾದರಿಯನ್ನು 225 ಮಿಲಿಲೀಟರ್ ಪೋಷಕ ದ್ರವವಾದ ಬಫರ್ಡ್ ಪೆಪ್ಟೋನ್ ವಾಟರ್‌ನಲ್ಲಿ ಪುಷ್ಟೀಕರಿಸಿ (ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹೆಚ್ಚುವಂತೆ ಮಾಡಿ) ಮುಂದಿನ ಹಂತಗಳಿಗೆ ಒಯ್ಯಬೇಕಾಗುತ್ತದೆ. ಎಣಿಕೆಯ ಹಾಳೆಗೆ ಹಾಕುವ, ಹತ್ತು ಪಟ್ಟು ತೆಳುಮಾಡಿದ ದ್ರವದ ಒಂದು ಮಿಲಿಲೀಟರ್‌ನಲ್ಲಿ ಇರುವುದು ಗ್ರಾಮಿನ ಹತ್ತನೇ ಒಂದು ಭಾಗ ಆಹಾರ ಮಾತ್ರ.

ಸಂಗ್ರಹಣೆಯ ನಿಯಮ ಚಿಕ್ಕದು: ತೆರೆಯದ ಪೊಟ್ಟಣ ತಂಪಿನಲ್ಲಿ, ತೆರೆದ ಪೊಟ್ಟಣ ಬಾಯಿ ಮಡಿಸಿ ತೇವವಿಲ್ಲದ ಕೋಣೆಯಲ್ಲಿ. ಬಳಸಿದ ಹಾಳೆಗಳನ್ನು ಜೈವಿಕ ತ್ಯಾಜ್ಯವಾಗಿ ಆಟೋಕ್ಲೇವ್ ಮಾಡಿಯೇ ಎಸೆಯಬೇಕು.

ವಿಧಾನವನ್ನು ಅರಿತ, ದೊಡ್ಡ ಸಂಖ್ಯೆಯ ಮಾದರಿಗಳೊಂದಿಗೆ ತಿಂಗಳುಗಟ್ಟಲೆ ನಡೆಯುವ ಅಧ್ಯಯನದಲ್ಲಿ ತೊಡಗಿದ ವಿದ್ಯಾರ್ಥಿಗಳಿಗೆ ಈ ಉತ್ಪನ್ನವನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮಾಧ್ಯಮ ತಯಾರಿಕೆಯಿಂದ ಉಳಿದ ಹೊತ್ತು ದತ್ತಾಂಶದ ವಿಶ್ಲೇಷಣೆಗೆ ಸಿಗುತ್ತದೆ. ಒಂದು ಷರತ್ತು ಮಾತ್ರ ಇದೆ. ಅಧ್ಯಯನದ ಆರಂಭದಲ್ಲಿ ತಾವು ಪರೀಕ್ಷಿಸುವ ಆಹಾರದ ಕೆಲವು ಮಾದರಿಗಳನ್ನು ಅಗರ್ ಮತ್ತು ಫಿಲ್ಮ್ ಎರಡರಲ್ಲೂ ಏಕಕಾಲಕ್ಕೆ ಬೆಳೆಸಿ, ಎಣಿಕೆಗಳನ್ನು ಲಾಗ್ (ಲಾಗರಿದಮ್) ಪ್ರಮಾಣಕ್ಕೆ ಪರಿವರ್ತಿಸಿ ಹೋಲಿಸಬೇಕು. ಎರಡರ ನಡುವೆ ಒಂದೇ ದಿಕ್ಕಿನ ವ್ಯತ್ಯಾಸ ಪ್ರತಿ ಸಲವೂ ಕಾಣಿಸಿದರೆ, ಪಿಎಚ್, ಬಫರ್ ಮತ್ತು ತಾಪಮಾನಗಳನ್ನು ಪರಿಶೀಲಿಸಿ ಕಾರಣ ಸಿಗುವವರೆಗೆ ಮುಖ್ಯ ಪ್ರಯೋಗವನ್ನು ತಡೆಹಿಡಿಯಬೇಕು.