ಕಡಲ ಮೀನಿಗೆ 9 ವೆಯ್ಟ್ ಫ್ಲೈ ರಾಡ್ ಸೆಟ್: ನಾಲ್ಕು ಬೇಸಿಗೆಗಳ ಬಳಕೆಯ ನಂತರ

2022ರ ಮಾರ್ಚ್‌ನಲ್ಲಿ 28,000 ರೂಪಾಯಿ ಕೊಟ್ಟು ತರಿಸಿದ ಈ ಸೆಟ್ಟಿನಲ್ಲಿ 9 ಅಡಿ ಉದ್ದದ ನಾಲ್ಕು ತುಂಡಿನ ರಾಡ್ (9 ವೆಯ್ಟ್ ಎನ್ನುವುದು ಅದಕ್ಕೆ ಹೊಂದುವ ಲೈನಿನ ತೂಕದ ದರ್ಜೆ), ಡ್ರ್ಯಾಗ್‌ಗೆ, ಅಂದರೆ ಮೀನು ಎಳೆದಾಗ ಲೈನನ್ನು ತಡೆದು ತಡೆದು ಬಿಡುವ ಬ್ರೇಕಿಗೆ, ನೀರು ಹೋಗದಂತೆ ಮುಚ್ಚಿದ ರೀಲು ಮತ್ತು ತೇಲುವ ಲೈನ್ ಇದ್ದವು. ನಾನು ತುಮಕೂರಿನಿಂದ ಚಾರ್ಮಾಡಿ ಘಾಟಿ ಇಳಿದು ಉಡುಪಿ ಬಳಿಯ ಕೋಡಿಬೆಂಗ್ರೆಯ ಅಳಿವೆಗೆ ಮೀನು ಹಿಡಿಯಲು ಹೋಗುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ; ಆದ್ದರಿಂದ ಉಳಿದ ಹತ್ತು ತಿಂಗಳು ಅಟ್ಟದ ಮೇಲಿದ್ದೂ ಕೆಡದಿರುವುದೇ ನನ್ನ ಮಟ್ಟಿಗೆ ಇದರ ಮೊದಲ ಪರೀಕ್ಷೆ.

ರಾಡಿನ ಬಗ್ಗೆ ದೂರಿಲ್ಲ, ಇರುವುದೆಲ್ಲ ಲೈನಿನ ಬಗ್ಗೆ. ಕೊಕ್ಕೆಗೆ ಕೂದಲು, ಪುಕ್ಕ ಕಟ್ಟಿ ಮಾಡಿದ ಹುಸಿಮೀನು, ಅಂದರೆ ಫ್ಲೈ, ತೀರ ಹಗುರವಾದ್ದರಿಂದ ಅದನ್ನು ದೂರಕ್ಕೆ ಒಯ್ಯುವುದು ಲೈನಿನ ತೂಕವೇ. ಸೆಟ್ಟಿನೊಂದಿಗೆ ಬಂದದ್ದು ತಣ್ಣೀರಿಗೆಂದು ಮಾಡಿದ ಲೈನ್. ಮೊದಲ ದಿನವೇ ಬೆಳಗಿನ ಹತ್ತರ ಬಿಸಿಲಿಗೆ ಅದು ಬೆಂದ ಶಾವಿಗೆಯಂತೆ ಮೆತ್ತಗಾಗಿ ರಾಡಿನ ಉಂಗುರಗಳಿಗೆ ಅಂಟತೊಡಗಿತು. ಕ್ವೀನ್‌ಫಿಶ್ ಗುಂಪು ಸಣ್ಣ ಮೀನುಗಳನ್ನು ಮೇಲಕ್ಕಟ್ಟಿ ನೀರನ್ನು ಕುದಿಸುವುದು ಕೆಲವೇ ಕ್ಷಣ. ಆ ಕ್ಷಣಗಳನ್ನೆಲ್ಲ ನಾನು ಗಂಟು ಬಿಡಿಸುತ್ತ ಕಳೆದೆ. ಮಾರಿದವರು ಇದು ಬಳಸಿದವರ ತಪ್ಪೆಂದು ಉತ್ತರಿಸಿದರು. ಕೊನೆಗೆ ಉಷ್ಣವಲಯಕ್ಕೆಂದೇ ಮಾಡಿದ, ಗಟ್ಟಿ ಒಳ ಎಳೆಯ ಲೈನನ್ನು ಪ್ರತ್ಯೇಕವಾಗಿ ಕೊಂಡ ಮೇಲೆಯೇ ರಾಡಿನ ನಿಜವಾದ ಗುಣ ತಿಳಿದದ್ದು. ಅಂಗಡಿಯವರು ಒಪ್ಪುವುದಾದರೆ ಲೈನ್ ಬಿಟ್ಟು ಉಳಿದದ್ದನ್ನಷ್ಟೇ ಕೊಳ್ಳಿ.

ರೀಲು ಮಾತ್ರ ಬೆಲೆಗೆ ತಕ್ಕದ್ದು. ಎರಡನೇ ಬೇಸಿಗೆಯಲ್ಲಿ, ರಾಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಲೈನನ್ನು ಬೇಗಬೇಗ ಎಳೆಯುತ್ತಿದ್ದಾಗ ಕಚ್ಚಿದ ಟ್ರೆವಲಿ ಮೀನೊಂದು ಇಡೀ ಲೈನನ್ನೂ ಅದರ ಹಿಂದಿನ ಬ್ಯಾಕಿಂಗ್ ದಾರದಲ್ಲಿ ಅರ್ಧದಷ್ಟನ್ನೂ ಒಂದೇ ಓಟಕ್ಕೆ ಎಳೆದೊಯ್ದಿತು. ಡ್ರ್ಯಾಗ್ ಒಮ್ಮೆ ತಡವರಿಸಿದ್ದರೂ ಲೈನಿನ ತುದಿಗೆ ಕಟ್ಟುವ, 20 ಪೌಂಡ್ ಎಳೆತ ತಾಳುವ ಲೀಡರ್ ದಾರ ತುಂಡಾಗುತ್ತಿತ್ತು. ಅದು ಒಂದೇ ಬಿಗಿಯಲ್ಲಿ ಬಿಟ್ಟುಕೊಡುತ್ತ ಹೋಯಿತು. ರೀಲಿನ ಸುರುಳಿಯೊಂದಿಗೇ ತಿರುಗುವ ಹಿಡಿಗೆ ಬೆರಳು ತಗುಲಿ ಉಗುರು ಕಪ್ಪಾದದ್ದು ನನ್ನ ಅವಸರದ ಫಲ.

ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು ಎನ್ನುತ್ತದೆ ಕೈಪಿಡಿ. ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದಾಗ ಉಪ್ಪು ಹೋಗಿ ಅದರ ಜಾಗದಲ್ಲಿ ಬಿಳಿಯ ಪೊರೆ ಕುಳಿತಿತ್ತು. ಈಗ ಫಿಲ್ಟರ್ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಎತ್ತಿಡುತ್ತೇನೆ. ಇಷ್ಟಾದರೂ ಮೂರನೇ ವರ್ಷ ರೀಲಿನ ಹಿಡಿಯ ಸ್ಕ್ರೂ ತುಕ್ಕು ಹಿಡಿಯಿತು. ಬಿಡಿಭಾಗಕ್ಕೆ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಇಲ್ಲಿನ ವರ್ಕ್‌ಶಾಪಿನವರು ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿಕೊಟ್ಟು ಹತ್ತು ರೂಪಾಯಿ ತೆಗೆದುಕೊಂಡಿದ್ದರು.