ತೆರಿಗೆ ನೋಟಿಸಿಗೆ ಅಂಚೆಯಲ್ಲಿ ಪತ್ರ ಹಾಕಿ ಸುಮ್ಮನಾಗಬೇಡಿ

ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ನಿಮ್ಮ ರಿಟರ್ನ್ಸ್ ತುಂಬುವವರು ‘ನಾನು ಉತ್ತರ ಕಳಿಸಿದೀನಿ ಸಾರ್, ನೀವು ತಲೆ ಕೆಡಿಸ್ಕೋಬೇಡಿ’ ಅಂದರೆ, ಯಾವ ದಾರಿಯಲ್ಲಿ ಕಳಿಸಿದಿರಿ ಅಂತ ದಯವಿಟ್ಟು ಕೇಳಿ. ನಮ್ಮಪ್ಪನ ವಿಷಯದಲ್ಲಿ ಎಡವಟ್ಟಾದದ್ದು ಅಲ್ಲೇ.

ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ಸೆಕ್ಷನ್ ಅಡಿ ಅಪ್ಪ ತೋರಿಸಿದ್ದ ದೇಣಿಗೆ ತಾಳೆಯಾಗುತ್ತಿಲ್ಲ, ಆ ಕಡಿತ ತೆಗೆದುಹಾಕುತ್ತೇವೆ ಎಂದು ರಿಟರ್ನ್ಸ್ ಪರಿಶೀಲಿಸುವ ಇಲಾಖೆಯ ಕೇಂದ್ರ ಸಿಪಿಸಿಯಿಂದ, ಸೆಕ್ಷನ್ 143(1)(ಎ) ಅಡಿ ಸೂಚನೆ ಬಂದಿತ್ತು. ಉತ್ತರಕ್ಕೆ 30 ದಿನ. ದೇಣಿಗೆಯ ರಸೀದಿ ಅಪ್ಪನ ಫೈಲಿನಲ್ಲಿ ಭದ್ರವಾಗಿತ್ತು. ಕನ್ಸಲ್ಟೆಂಟ್ ಅದರ ಜೆರಾಕ್ಸ್ ಲಗತ್ತಿಸಿ, ಗಡುವಿನೊಳಗೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿದರು. ಪತ್ರ ಚೆನ್ನಾಗಿಯೇ ಇತ್ತು. ಆದರೆ ಈ ಸೂಚನೆಗೆ ಉತ್ತರ ಕೊಡಬೇಕಾದದ್ದು ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ. ‘ಇ-ಪ್ರೊಸೀಡಿಂಗ್ಸ್’ಗೆ ಹೋಗಿ, ಒಂದೊಂದು ವ್ಯತ್ಯಾಸಕ್ಕೂ ಒಪ್ಪುತ್ತೀರೋ ಇಲ್ಲವೋ ಎಂದು ಗುರುತಿಸಿ, ಕಾರಣ ಕೊಟ್ಟು ಸಬ್ಮಿಟ್ ಮಾಡಬೇಕು. ಆಗ ಸಿಗುವ ಟ್ರಾನ್ಸಾಕ್ಷನ್ ಐಡಿಯೇ ನಿಮ್ಮ ಪುರಾವೆ, ಅಂಚೆ ರಸೀದಿಯಲ್ಲ. ಪೋರ್ಟಲ್ಲಿನಲ್ಲಿ ನಮ್ಮ ಉತ್ತರ ಕಾಣಲಿಲ್ಲ, ಕಡಿತ ಹೋಯಿತು, ಬಾಕಿ ತೆರಿಗೆ ಕಟ್ಟಿ ಎಂಬ ಡಿಮ್ಯಾಂಡ್ ಬಂತು.

ಇನ್ನೂ ಬೇಸರದ ಸಂಗತಿಯೆಂದರೆ, ಪೋರ್ಟಲ್ಲಿನಲ್ಲಿ ಅಪ್ಪನ ಹೆಸರಿನ ಕೆಳಗಿದ್ದ ಇಮೇಲೂ ಮೊಬೈಲೂ ಕನ್ಸಲ್ಟೆಂಟರದ್ದೇ. ಇಲಾಖೆ ಕಳಿಸಿದ್ದೆಲ್ಲ ಅವರಿಗೆ ಹೋಗುತ್ತಿತ್ತು. ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೀವನಪೂರ್ತಿ ಪೈಸೆ ಪೈಸೆ ಲೆಕ್ಕ ಇಟ್ಟ ಅಪ್ಪ ‘ನಾನೇನು ಕಳ್ಳನಾ?’ ಅಂತ ಕೇಳಿದಾಗ ನನಗೆ ತುಂಬಾ ಸಂಕಟವಾಯಿತು. ಎಷ್ಟೋ ಹಿರಿಯರ ಖಾತೆ ಹೀಗೇ ಬೇರೆಯವರ ನಂಬರಿನಲ್ಲಿದೆ. ಇವತ್ತೇ ಪ್ರೊಫೈಲ್ ತೆರೆದು ನೋಡಿ.

ನೋಟಿಸ್ ಅಸಲಿಯೋ ನಕಲಿಯೋ ಎಂಬ ಅನುಮಾನದಲ್ಲೂ ದಿನ ಕಳೆಯಬೇಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಲಾಗಿನ್ ಆಗದೆಯೇ ಪೋರ್ಟಲ್ಲಿನಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು. ಮೇಲ್‌ನಲ್ಲಿ ಬಂದ ಲಿಂಕ್ ಮಾತ್ರ ಒತ್ತಬೇಡಿ.

ಡಿಮ್ಯಾಂಡ್ ಬಂದುಬಿಟ್ಟಿದ್ದರೆ ಅದನ್ನು ಕಟ್ಟಲೂ 30 ದಿನದ ಗಡುವಿದೆ, ದಾಟಿದರೆ ತಿಂಗಳಿಗೆ ಶೇ. 1 ಬಡ್ಡಿ. ಮೇಲ್ಮನವಿಗೂ ಅಷ್ಟೇ ದಿನ. ನಾವು ಪೋರ್ಟಲ್ಲಿನ ‘ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್’ನಲ್ಲಿ ಒಪ್ಪುವುದಿಲ್ಲ ಎಂದು ದಾಖಲಿಸಿ, ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ. ಈ ಸಲ ಲಾಗಿನ್ ಅಪ್ಪನ ಮೊಬೈಲಿನಲ್ಲಿದೆ, ಓಟಿಪಿಯೂ ಅವರಿಗೇ ಬರುತ್ತದೆ.